ಟಾಲಿನ್‌ನಿಂದ ಹೆಲ್ಸಿಂಕಿಗೆ ಬಾಟಲಿ ತರುವ ಲೆಕ್ಕ: ಕಿಲೋಗೆ ಎಷ್ಟು ಉಳಿತಾಯ?

ಹೆಲ್ಸಿಂಕಿಯ ಪಶ್ಚಿಮ ಬಂದರಿನಲ್ಲಿ ಸಂಜೆಯ ಹಡಗು ಬಂದು ನಿಂತಾಗ ಗ್ಯಾಂಗ್‌ವೇಯಿಂದ ಇಳಿಯುವವರ ಕೈ ನೋಡಿ. ಎರಡು ಗಾಲಿಯ ಮಡಚುವ ತಳ್ಳುಗಾಡಿ, ಅದರ ಮೇಲೆ ರಬ್ಬರ್ ಹಗ್ಗದಲ್ಲಿ ಬಿಗಿದ ಮೂರೋ ನಾಲ್ಕೋ ಬಿಯರ್ ಕೇಸು. ಸಮುದ್ರದಾಚೆ, 80 ಕಿ.ಮೀ. ದೂರದ ಎಸ್ಟೋನಿಯಾದ ಟಾಲಿನ್‌ನಲ್ಲಿ ಅದೇ ಬಿಯರು, ಅದೇ ವೋಡ್ಕಾ ಅಗ್ಗ. ಕಾರವಾರದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಮಾಜಾಳಿ ದಾಟಿ ಗೋವಾ ಸೇರಿದರೆ ದರ ಬೇರೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತು. ವ್ಯತ್ಯಾಸ ಇಷ್ಟೇ: ಅಲ್ಲಿ ಚೆಕ್‌ಪೋಸ್ಟ್‌ನವರ ಕಣ್ಣಿಗೆ ಬೀಳಬಾರದು, ಇಲ್ಲಿ ನಿಯಮ ತಿಳಿದಿದ್ದರೆ ಎದೆಯುಬ್ಬಿಸಿಕೊಂಡೇ ತರಬಹುದು.

ಆದರೆ ಆ ತಳ್ಳುಗಾಡಿಯವರಲ್ಲಿ ಬಹುಪಾಲು ಜನ ತಪ್ಪು ಸಾಮಾನು ಹೇರಿಕೊಂಡಿರುತ್ತಾರೆ. ಲೆಕ್ಕ ಹಾಕಿದರೆ ಏಕೆಂದು ಗೊತ್ತಾಗುತ್ತದೆ.

ದರ ಎಲ್ಲಿ ಬೇರೆಯಾಗುತ್ತದೆ

ಎರಡೂ ದೇಶಗಳ ಬೆಲೆಯ ಅಂತರದ ಮುಖ್ಯ ಕಾರಣ ಅಬಕಾರಿ ಸುಂಕ. ಈ ಸುಂಕ ಬೀಳುವುದು ಬಾಟಲಿಯ ಬೆಲೆಯ ಮೇಲಲ್ಲ. ವೋಡ್ಕಾ, ವಿಸ್ಕಿ, ಬಿಯರ್‌ಗಳಲ್ಲಿ ಅದು ಬೀಳುವುದು ಒಳಗಿರುವ ಶುದ್ಧ ಆಲ್ಕೋಹಾಲಿನ ಪ್ರಮಾಣದ ಮೇಲೆ. ವೈನ್‌ನಲ್ಲಿ ಲೀಟರಿನ ಮೇಲೆ. ಹತ್ತು ಯೂರೋ ವೋಡ್ಕಾಗೂ ಎಂಬತ್ತು ಯೂರೋ ಸಿಂಗಲ್ ಮಾಲ್ಟ್‌ಗೂ, ಶಕ್ತಿ ಮತ್ತು ಅಳತೆ ಒಂದೇ ಆಗಿದ್ದರೆ, ಸುಂಕ ಒಂದೇ.

ದುಂಡು ಸಂಖ್ಯೆಯಲ್ಲಿ ಹೇಳುವುದಾದರೆ, ಬಟ್ಟಿ ಇಳಿಸಿದ ಮದ್ಯಕ್ಕೆ ಫಿನ್ಲೆಂಡ್ ಒಂದು ಲೀಟರ್ ಶುದ್ಧ ಆಲ್ಕೋಹಾಲಿಗೆ ಸುಮಾರು 50 ಯೂರೋ ಹಾಕುತ್ತದೆ, ಎಸ್ಟೋನಿಯಾ ಸುಮಾರು 20. ಬಿಯರ್‌ಗೆ ಅದೇ ಲೆಕ್ಕದಲ್ಲಿ ಫಿನ್ಲೆಂಡ್ ಸುಮಾರು 36, ಎಸ್ಟೋನಿಯಾ ಸುಮಾರು 14. ಸಾಮಾನ್ಯ ವೈನ್‌ಗೆ ಲೀಟರಿಗೆ ಸುಮಾರು 4.30 ಮತ್ತು 1.60. ಇದರ ಮೇಲೆ ವ್ಯಾಟ್: ಫಿನ್ಲೆಂಡಿನಲ್ಲಿ 2024ರ ಸೆಪ್ಟೆಂಬರಿನಿಂದ ಶೇ. 25.5, ಎಸ್ಟೋನಿಯಾದಲ್ಲಿ 2025ರ ಜುಲೈಯಿಂದ ಶೇ. 24. ವ್ಯಾಟ್‌ನ ಅಂತರ ಲೆಕ್ಕಕ್ಕೆ ಬರುವಷ್ಟಿಲ್ಲ, ಆದರೆ ಸುಂಕದ ಮೇಲೂ ವ್ಯಾಟ್ ಕೂಡುವುದರಿಂದ ಸುಂಕದ ಅಂತರವನ್ನು 1.25ರಿಂದ ಗುಣಿಸಿಕೊಳ್ಳಿ. ಎಸ್ಟೋನಿಯಾ ಈಚೆಗೆ ವರ್ಷವರ್ಷ ಸುಂಕವನ್ನು ಅಷ್ಟಷ್ಟೇ ಏರಿಸುತ್ತಿದೆ; ಹೊರಡುವ ಮುಂಚೆ ಆ ವರ್ಷದ ದರ ನೋಡಿಕೊಂಡರೆ ಸಾಕು, ಸೂತ್ರ ಬದಲಾಗುವುದಿಲ್ಲ.

ಇನ್ನು ಗುಣಾಕಾರ. ಶೇ. 40ರ ವೋಡ್ಕಾ, 700 ಮಿ.ಲೀ. ಬಾಟಲಿ: ಒಳಗಿರುವ ಶುದ್ಧ ಆಲ್ಕೋಹಾಲ್ 0.28 ಲೀಟರ್. ಸುಂಕದ ಅಂತರ 30 ಯೂರೋ, ಗುಣಿಸು 0.28, ಗುಣಿಸು 1.25: ಹತ್ತೂವರೆ ಯೂರೋ. ಅರ್ಧ ಲೀಟರ್ ಬಾಟಲಿಗೆ ಏಳೂವರೆ. ಶೇ. 17ರ ಕ್ರೀಮ್ ಲಿಕರ್ 700 ಮಿ.ಲೀ.ಗೆ ಬರೀ ನಾಲ್ಕೂವರೆ. 750 ಮಿ.ಲೀ. ವೈನ್‌ಗೆ ಎರಡೂವರೆ. ಶೇ. 4.7ರ 330 ಮಿ.ಲೀ. ಬಿಯರ್ ಕ್ಯಾನ್, 24ರ ಕೇಸಿಗೆ ಸುಮಾರು 10 ಯೂರೋ. ಈ ಹತ್ತರಲ್ಲೂ ಒಂದು ತೂತಿದೆ. ಎಸ್ಟೋನಿಯಾದಲ್ಲಿ ಪ್ರತಿ ಕ್ಯಾನಿಗೆ 10 ಸೆಂಟ್ ಡಿಪಾಸಿಟ್, ಅಂದರೆ ಖಾಲಿ ಕ್ಯಾನ್ ಅಲ್ಲಿ ಮರಳಿಸಿದರೆ ವಾಪಸ್ ಸಿಗುವ ದುಡ್ಡು, ಬಿಲ್ಲಿನಲ್ಲಿ ಸೇರುತ್ತದೆ, ಖಾಲಿ ಕ್ಯಾನ್ ಫಿನ್ಲೆಂಡಿನ ಯಂತ್ರಕ್ಕೆ ಹಾಕಿದರೆ ಆ ದುಡ್ಡು ಬರುವುದಿಲ್ಲ. ಕೇಸಿಗೆ 2.40 ಯೂರೋ ಹೋಯಿತು. ಉಳಿದದ್ದು 8ಕ್ಕಿಂತ ಕಡಿಮೆ.

ಇದು ತೆರಿಗೆಯ ಅಂತರ ಮಾತ್ರ. ಅಂಗಡಿಯವರ ಮಾರ್ಜಿನ್, ಆಫರ್, ಹಬ್ಬದ ರಿಯಾಯಿತಿ ಎಲ್ಲ ಇದರ ಮೇಲೆ ಆಚೀಚೆ ಮಾಡುತ್ತವೆ. ಆದರೂ ಶೆಲ್ಫಿನ ಬೆಲೆ ನೋಡುವಾಗ ಈ ಅಂಕಿಗಳು ತಲೆಯಲ್ಲಿದ್ದರೆ ಯಾವುದು ನಿಜವಾದ ಅಗ್ಗ, ಯಾವುದು ಬರೀ ಹಳದಿ ಬೋರ್ಡು ಎಂದು ತಕ್ಷಣ ಗೊತ್ತಾಗುತ್ತದೆ.

ತಕ್ಕಡಿಯಲ್ಲಿ ಇಟ್ಟು ನೋಡಿ

ಕಾರಿಲ್ಲದೆ ಹೋಗುವವರಿಗೆ ಮುಖ್ಯವಾದದ್ದು ಬಾಟಲಿಗೆ ಎಷ್ಟು ಉಳಿಯಿತು ಎಂಬುದಲ್ಲ, ಹೊತ್ತ ಪ್ರತಿ ಕಿಲೋಗೆ ಎಷ್ಟು ಉಳಿಯಿತು ಎಂಬುದು. 24 ಕ್ಯಾನಿನ ಕೇಸು ಎಂಟೂವರೆ ಕಿಲೋ: ಕಿಲೋಗೆ 90 ಸೆಂಟ್. ಗಾಜಿನ ವೈನ್ ಬಾಟಲಿ ಒಂದೂಕಾಲು ಕಿಲೋ: ಕಿಲೋಗೆ 2 ಯೂರೋ. ಅದೇ ವೈನ್ 3 ಲೀಟರಿನ ಡಬ್ಬದಲ್ಲಿ, ಅಂದರೆ ರಟ್ಟಿನ ಪೆಟ್ಟಿಗೆಯೊಳಗೆ ನಲ್ಲಿಯಿರುವ ಚೀಲ, ಮೂರೂಕಾಲು ಕಿಲೋ ತೂಗಿ 10 ಯೂರೋ ಉಳಿಸುತ್ತದೆ: ಕಿಲೋಗೆ 3. ಗಾಜಿನ ವೋಡ್ಕಾ ಬಾಟಲಿ ಕಿಲೋಗೆ 9ರ ಆಸುಪಾಸು. ಅರ್ಧ ಲೀಟರಿನ ಪ್ಲಾಸ್ಟಿಕ್ ಬಾಟಲಿಯ ವೋಡ್ಕಾ ಬರೀ ಅರ್ಧ ಕಿಲೋ: ಕಿಲೋಗೆ 15 ಯೂರೋ!

ತಳ್ಳುಗಾಡಿಯವರು ಬೆವರು ಸುರಿಸಿ ಎಳೆಯುವ ನಾಲ್ಕು ಬಿಯರ್ ಕೇಸಿನಲ್ಲಿ 34 ಕಿಲೋ ಭಾರವಿದೆ, 31 ಯೂರೋ ಲಾಭವಿದೆ. ಲ್ಯಾಪ್‌ಟಾಪ್ ಬ್ಯಾಗಿನಲ್ಲಿ ಹಿಡಿಯುವ ನಾಲ್ಕು ಪ್ಲಾಸ್ಟಿಕ್ ಬಾಟಲಿ ವೋಡ್ಕಾದಲ್ಲಿ 2 ಕಿಲೋ ಭಾರ, 30 ಯೂರೋ ಲಾಭ. ಬಿಯರ್ ಕುಡಿಯುವವನಿಗೆ ವೋಡ್ಕಾ ಕುಡಿ ಎನ್ನಲಾಗದು, ಸರಿ. ಆದರೆ ಮನೆಯಲ್ಲಿ ಎರಡೂ ಖರ್ಚಾಗುವಂತಿದ್ದರೆ ಗಟ್ಟಿ ಮದ್ಯ ಟಾಲಿನ್‌ನಿಂದ ತನ್ನಿ, ಬಿಯರು ಮನೆ ಪಕ್ಕದ ಸೂಪರ್‌ಮಾರ್ಕೆಟ್ಟಿನಲ್ಲಿ ಕೊಳ್ಳಿ. ಕಾರಿನಲ್ಲಿ ಹೋದಾಗ ಮಾತ್ರ ಬಿಯರ್‌ಗೆ ಅರ್ಥವಿದೆ.

ಹೋಗಿಬರುವ ಟಿಕೆಟ್ 30 ಯೂರೋ ಬಿತ್ತು ಎಂದಿಟ್ಟುಕೊಳ್ಳಿ. ಮೂರು ದೊಡ್ಡ ಬಾಟಲಿ ವೋಡ್ಕಾದಲ್ಲಿ ಟಿಕೆಟ್ ದುಡ್ಡು ವಾಪಸ್. ವೈನ್ ಆದರೆ ಹನ್ನೆರಡು ಬಾಟಲಿ ಬೇಕು.

ದುಬಾರಿ ವೈನ್ ವಿಷಯದಲ್ಲಿ ಹಲವರು ಎಡವುತ್ತಾರೆ. 7 ಯೂರೋ ವೈನ್‌ನಲ್ಲಿ ಎರಡೂವರೆ ಉಳಿದರೆ ದೊಡ್ಡದೇ. 35 ಯೂರೋ ಬರ್ಗಂಡಿಯಲ್ಲಿ ಅದೇ ಎರಡೂವರೆ ಅಂಗಡಿಯ ಮಾರ್ಜಿನ್‌ನೊಳಗೆ ಎಲ್ಲಿ ಕರಗಿತೆಂದು ತಿಳಿಯುವುದೂ ಇಲ್ಲ. ಫಿನ್ಲೆಂಡಿನ ಸರ್ಕಾರಿ ಮದ್ಯ ಸಂಸ್ಥೆ ಆಲ್ಕೊ, 1932ರಲ್ಲಿ ಪಾನನಿಷೇಧ ತೆಗೆದಾಗ ಹುಟ್ಟಿದ್ದು, ತನ್ನ ಪೂರ್ತಿ ಪಟ್ಟಿಯನ್ನು ಬೆಲೆ ಸಮೇತ ಜಾಲತಾಣದಲ್ಲಿ ಇಟ್ಟಿರುತ್ತದೆ. ಒಳ್ಳೆಯ ವೈನ್ ಬೇಕಿದ್ದರೆ ಮೊದಲು ಅಲ್ಲಿ ನೋಡಿ. ಸಮುದ್ರ ದಾಟುವ ಅಗತ್ಯ ಬೀಳದಿರಬಹುದು.

ಹೋಲಿಸುವಾಗ ಕಣ್ಣಿಗೆ ಮಣ್ಣು ಬೀಳುವ ಜಾಗಗಳು

ಫಿನ್ಲೆಂಡಿನ ಬಿಯರ್ ಬ್ರಾಂಡುಗಳು ಒಂದೇ ಹೆಸರು, ಒಂದೇ ಬಣ್ಣದಲ್ಲಿ ಬೇರೆ ಬೇರೆ ಶಕ್ತಿಯಲ್ಲಿ ಬರುತ್ತವೆ. ಕ್ಯಾನಿನ ಮೇಲಿನ ಚಿಕ್ಕ ಅಕ್ಷರದ 4.5, 4.7, 5.2 ಓದದೆ ಬೆಲೆ ಹೋಲಿಸಿದರೆ ಅದು ಹೋಲಿಕೆಯೇ ಅಲ್ಲ. ಗಟ್ಟಿ ಮದ್ಯದಲ್ಲಿ ಅಳತೆಯ ಆಟ: 500, 700, 1000 ಮಿ.ಲೀ. ಮೂರೂ ಸಾಲಾಗಿ ನಿಂತಿರುತ್ತವೆ. ಫಿನ್ಲೆಂಡಿನ ಕೋಸ್ಕೆನ್‌ಕೋರ್ವ ಶೇ. 38, ಎಸ್ಟೋನಿಯಾದ ವಿರು ವಾಲ್ಗೆ ಶೇ. 40. ನೋಡಬೇಕಾದ್ದು ಬೆಲೆ ಚೀಟಿಯ ಮೂಲೆಯಲ್ಲಿ ಚಿಕ್ಕದಾಗಿ ಮುದ್ರಿಸಿರುವ ಲೀಟರಿನ ಬೆಲೆ. ಅದನ್ನು ಶಕ್ತಿಯಿಂದ ಭಾಗಿಸಿದರೆ ನಿಜವಾದ ಬೆಲೆ ಹೊರಬೀಳುತ್ತದೆ.

ಹಡಗಿನೊಳಗಿನ ಅಂಗಡಿಯನ್ನು ಜನ ಇನ್ನೂ ಟ್ಯಾಕ್ಸ್-ಫ್ರೀ ಎಂದೇ ಕರೆಯುತ್ತಾರೆ. 2004ರ ಮೇ 1ರಂದು ಎಸ್ಟೋನಿಯಾ ಯುರೋಪಿಯನ್ ಒಕ್ಕೂಟ ಸೇರಿದ ದಿನವೇ ಈ ಮಾರ್ಗದಲ್ಲಿ ಟ್ಯಾಕ್ಸ್-ಫ್ರೀ ಮುಗಿಯಿತು. ನಿಜವಾದ ತೆರಿಗೆರಹಿತ ಮಾರಾಟ ಈಗ ಇರುವುದು ಓಲಂಡ್ ದ್ವೀಪಗಳನ್ನು ಮುಟ್ಟಿ ಸ್ವೀಡನ್ನಿಗೆ ಹೋಗುವ ಹಡಗುಗಳಲ್ಲಿ, ಏಕೆಂದರೆ ಆ ದ್ವೀಪಗಳು ಒಕ್ಕೂಟದ ತೆರಿಗೆ ವಲಯದ ಹೊರಗಿವೆ. ಆದ್ದರಿಂದ ಅಲ್ಲಿಂದ ತರುವ ಮಿತಿಯೂ ಚಿಕ್ಕದು. ಟಾಲಿನ್ ಹಡಗಿನ ಅಂಗಡಿಯಲ್ಲಿ ಕೊಳ್ಳಬಾರದೆಂದಿಲ್ಲ. ಆಫರ್ ಇದ್ದಾಗ ಪಟ್ಟಣದ ದರಕ್ಕೆ ಸಮವಾಗುತ್ತದೆ, ಹೊರುವ ದೂರವೂ ಕಡಿಮೆ.

ಹೋಗುವ ದಿನ

ಟಾಲಿಂಕ್ ಕಂಪನಿಯ ಮೆಗಾಸ್ಟಾರ್ ಮತ್ತು ಮೈಸ್ಟಾರ್ 2 ಗಂಟೆಯಲ್ಲಿ ದಾಟಿಸುತ್ತವೆ, ಟಾಲಿನ್‌ನ ಡಿ-ಟರ್ಮಿನಲ್‌ಗೆ. ಎಕೆರೋ ಲೈನ್‌ನ ಫಿನ್ಲಾಂಡಿಯಾ ಎರಡೂಕಾಲು ಗಂಟೆ, ವೈಕಿಂಗ್ ಲೈನ್‌ನ ಎಕ್ಸ್‌ಪಿಆರ್‌ಎಸ್ ಎರಡೂವರೆ, ಇವೆರಡೂ ಎ-ಟರ್ಮಿನಲ್‌ಗೆ. ಎರಡು ಟರ್ಮಿನಲ್ ನಡುವೆ ನಡೆದೇ ಹೋಗಬಹುದು, ಆದರೆ 30 ಕಿಲೋ ಗಾಡಿಯನ್ನು ಕಲ್ಲುಹಾಸಿನ ಮೇಲೆ ಎಳೆಯುತ್ತಾ ತಪ್ಪು ಟರ್ಮಿನಲ್‌ಗೆ ಹೋದರೆ ಹಡಗು ತಪ್ಪುತ್ತದೆ. ಟಿಕೆಟ್ ದರ ದಿನಕ್ಕೊಂದು, ಗಂಟೆಗೊಂದು. ಮಂಗಳವಾರ, ಬುಧವಾರ ಅಗ್ಗ. ವಪ್ಪು ಹಬ್ಬದ ಮೇ 1ರ ಮುಂಚಿನ ವಾರ, ಜೂನ್ ಕೊನೆಯ ಯುಹಾನ್ನುಸ್ ಹಬ್ಬದ ಮುಂಚಿನ ವಾರ ಹೋಗಲೇಬೇಡಿ. ಇಡೀ ಫಿನ್ಲೆಂಡ್ ಆಗ ಅದೇ ಹಡಗಿನಲ್ಲಿರುತ್ತದೆ.

ಭಾರತದ ಪಾಸ್‌ಪೋರ್ಟ್ ಇರುವವರು ಪಾಸ್‌ಪೋರ್ಟ್ ಮತ್ತು ಫಿನ್ಲೆಂಡಿನ ನಿವಾಸ ಪರವಾನಗಿ ಕಾರ್ಡ್ ಎರಡನ್ನೂ ಒಯ್ಯಬೇಕು. ಎರಡೂ ದೇಶ ಷೆಂಗೆನ್ ಎಂಬ ಒಂದೇ ವೀಸಾ ವಲಯದ ಒಳಗಿರುವುದರಿಂದ ಗಡಿಯ ಸೀಲ್ ಬೀಳುವುದಿಲ್ಲ, ಹಾಗೆಂದು ಮನೆಯಲ್ಲಿ ಬಿಟ್ಟು ಹೋದವರನ್ನು ಆಗಾಗ ನಡೆಯುವ ತಪಾಸಣೆ ಸಿಕ್ಕಿಸುತ್ತದೆ. ಮಗನನ್ನು ನೋಡಲು ಬಂದ ಅಪ್ಪ-ಅಮ್ಮನ ಬಳಿ ಒಂದೇ ಪ್ರವೇಶದ ಷೆಂಗೆನ್ ವೀಸಾ ಇದ್ದರೂ ಟಾಲಿನ್ನಿಗೆ ಹೋಗಿಬರಬಹುದು. ವಲಯದಿಂದ ಹೊರಗೆ ಹೋದಂತಾಗುವುದಿಲ್ಲ.

ಎಸ್ಟೋನಿಯಾದ ಅಂಗಡಿಗಳಲ್ಲಿ ಮದ್ಯ ಮಾರುವುದು ಬೆಳಿಗ್ಗೆ 10ರಿಂದ ರಾತ್ರಿ 10ರವರೆಗೆ. ಬೆಳಗಿನ ಮೊದಲ ಹಡಗಿನಲ್ಲಿ ಹೋದವರು ಅಂಗಡಿ ತೆರೆದಿದ್ದರೂ ಬಿಲ್ಲಿಂಗ್ ಕೌಂಟರಿನ ಮುಂದೆ ಗಡಿಯಾರ ನೋಡುತ್ತಾ ನಿಲ್ಲಬೇಕು. ಬಂದರಿನ ಸುತ್ತಲಿನ ಮದ್ಯದಂಗಡಿಗಳು ಫಿನ್ಲೆಂಡಿನವರಿಗಾಗಿಯೇ ಇರುವಂಥವು, ಬೆಲೆ ಬೋರ್ಡೂ ಫಿನ್ನಿಷ್ ಭಾಷೆಯಲ್ಲೇ. ಹತ್ತು ನಿಮಿಷ ನಡೆದರೆ ಸಾಮಾನ್ಯ ಸೂಪರ್‌ಮಾರ್ಕೆಟ್ ಸಿಗುತ್ತದೆ. ಸ್ಥಳೀಯ ಬ್ರಾಂಡು, ವೈನ್ ಡಬ್ಬ ಅಲ್ಲಿ ನೋಡಿ. ತಳ್ಳುಗಾಡಿಯನ್ನು ಹೋಗುವಾಗಲೇ ಒಯ್ಯಿರಿ.

ಲಾಟ್ವಿಯಾವರೆಗೆ ಹೋಗಬೇಕೆ?

2017ರ ಜುಲೈಯಲ್ಲಿ ಎಸ್ಟೋನಿಯಾ ಬಿಯರ್ ಸುಂಕವನ್ನು ಒಂದೇ ಏಟಿಗೆ ಶೇ. 70 ಏರಿಸಿತು. ಅಲ್ಲಿನ ಜನವೇ ದಕ್ಷಿಣಕ್ಕೆ ಲಾಟ್ವಿಯಾಗೆ ಹೊರಟರು, ಫಿನ್ಲೆಂಡಿನವರೂ ಹಿಂದೆ ಹೋದರು. ವಾಲ್ಗ-ವಾಲ್ಕ ಎಂಬ ಒಂದೇ ಊರು ಗಡಿಯಿಂದ ಎರಡಾಗಿದೆ. ಲಾಟ್ವಿಯಾ ಬದಿಯ ವಾಲ್ಕದಲ್ಲೂ, ಕಡಲ ದಂಡೆಯ ಐನಾಜಿಯಲ್ಲೂ ಗೋದಾಮಿನಂಥ ಮದ್ಯದಂಗಡಿಗಳು ಎದ್ದವು. ಮಾರಾಟ ಕೈತಪ್ಪುವುದನ್ನು ಕಂಡ ಎಸ್ಟೋನಿಯಾ 2019ರ ಜುಲೈ 1ರಂದು ಬಿಯರ್ ಮತ್ತು ಗಟ್ಟಿ ಮದ್ಯದ ಸುಂಕವನ್ನು ಕಾಲುಭಾಗ ಇಳಿಸಿತು. ಒಂದು ತಿಂಗಳಲ್ಲೇ ಲಾಟ್ವಿಯಾ ಗಟ್ಟಿ ಮದ್ಯದ ಸುಂಕವನ್ನು ಶೇ. 15 ತಗ್ಗಿಸಿ ಉತ್ತರ ಕೊಟ್ಟಿತು. ಸಂತೆಯಲ್ಲಿ ಅಕ್ಕಪಕ್ಕದ ಟೊಮ್ಯಾಟೊ ಅಂಗಡಿಯವರ ಜಗಳದ ಹಾಗೆ.

ಟಾಲಿನ್‌ನಿಂದ ಐನಾಜಿ ಪಾರ್ನು ಮಾರ್ಗವಾಗಿ ಸುಮಾರು 190 ಕಿ.ಮೀ. ಹೋಗಿಬರಲು 380. ನೂರು ಕಿ.ಮೀ.ಗೆ 7 ಲೀಟರ್ ಕುಡಿಯುವ ಕಾರಿಗೆ 27 ಲೀಟರ್ ಪೆಟ್ರೋಲ್; ಲೀಟರಿಗೆ 1.65 ಯೂರೋ ಹಿಡಿದರೆ 44 ಯೂರೋ. ಟಾಲಿನ್ ಬೆಲೆಗಿಂತ ಅಲ್ಲಿ ಪ್ರತಿ ಬಾಟಲಿಗೆ ಒಂದು ಯೂರೋ ಕಡಿಮೆ ಎಂದರೂ 44 ಬಾಟಲಿ ಕೊಂಡ ಮೇಲೆ ಲಾಭ ಶುರು, ದಿನ ಬೇರೆ ಹಾಳು. ರಿಗಾ ನೋಡಲು ಹೇಗೂ ಹೊರಟಿದ್ದರೆ ದಾರಿಯಲ್ಲಿ ನಿಲ್ಲಿಸಿ, ಬರೀ ಮದ್ಯಕ್ಕೆಂದೇ ಬೇಡ. 2025ರ ಆಗಸ್ಟ್‌ನಿಂದ ಅಲ್ಲಿ ಅಂಗಡಿ ಮಾರಾಟ ಸೋಮವಾರದಿಂದ ಶನಿವಾರ ರಾತ್ರಿ 8ಕ್ಕೆ, ಭಾನುವಾರ ಸಂಜೆ 6ಕ್ಕೇ ಬಂದ್ ಆಗುತ್ತದೆ ಎಂಬುದೂ ನೆನಪಿರಲಿ.

ಕಸ್ಟಮ್ಸ್‌ನವರು ಏನು ಕೇಳುತ್ತಾರೆ

ಒಕ್ಕೂಟದೊಳಗಿನ ಪ್ರಯಾಣದಲ್ಲಿ ಒಬ್ಬರಿಗೆ ಸೂಚಿತ ಪ್ರಮಾಣ ಹೀಗಿದೆ: ಗಟ್ಟಿ ಮದ್ಯ 10 ಲೀಟರ್; ಪೋರ್ಟ್, ಶೆರ್ರಿಯಂಥ ನಡುವಿನವು 20 ಲೀಟರ್; ವೈನ್ 90 ಲೀಟರ್, ಅದರಲ್ಲಿ ನೊರೆವೈನ್ 60ಕ್ಕೆ ಮೀರದಂತೆ; ಬಿಯರ್ 110 ಲೀಟರ್. ಒಂದರ ಬದಲು ಇನ್ನೊಂದಲ್ಲ, ಎಲ್ಲವೂ ಸೇರಿ. 110 ಲೀಟರ್ ಬಿಯರ್ ಎಂದರೆ 330 ಮಿ.ಲೀ. ಕ್ಯಾನಿನ 13 ಕೇಸು, ಮೇಲೆ 21 ಕ್ಯಾನು.

ಇವನ್ನು ಮಿತಿ ಎಂದು ಓದಬೇಡಿ, ಹಕ್ಕು ಎಂದೂ ಓದಬೇಡಿ. ನಿಯಮದ ಬೇರು ಇರುವುದು ಸ್ವಂತ ಬಳಕೆ ಎಂಬ ಮಾತಿನಲ್ಲಿ. ಮಗಳ ಮದುವೆಗೆಂದು 150 ಲೀಟರ್ ವೈನ್ ತಂದವರು ಲಗ್ನಪತ್ರಿಕೆ, ಸಭಾಂಗಣದ ಬುಕ್ಕಿಂಗ್ ತೋರಿಸಿದರೆ ಸಮರ್ಥಿಸಿಕೊಳ್ಳಬಹುದು. ಸೂಚಿತ ಪ್ರಮಾಣದೊಳಗೇ ಇದ್ದರೂ ಮಾರಲು ತಂದದ್ದಾದರೆ ತಪ್ಪೇ. ಮನೆಯವರಿಗೆ, ಉಡುಗೊರೆಗೆ ತರುವುದು ಸ್ವಂತ ಬಳಕೆಯಲ್ಲಿ ಸೇರುತ್ತದೆ. ಸೇರದೇ ಇರುವುದು ನಮ್ಮವರು ಅತಿ ಸಲೀಸಾಗಿ ಮಾಡುವ ಕೆಲಸ: ವಾಟ್ಸಾಪ್ ಗುಂಪಿನಲ್ಲಿ "ಹೆಂಗೂ ಹೋಗ್ತಿದ್ದೀಯ, ನಂಗೂ ನಾಲ್ಕು ತಗೊಂಡ್ಬಾ, ದುಡ್ಡು ಹಾಕ್ತೀನಿ" ಎಂಬ ಸಾಲು. ದುಡ್ಡು ತೆಗೆದುಕೊಂಡು ಬೇರೆಯವರಿಗೆ ತಂದುಕೊಟ್ಟರೆ, ಒಂದು ಸೆಂಟ್ ಲಾಭ ಇಟ್ಟುಕೊಳ್ಳದಿದ್ದರೂ, ಅದು ಸ್ವಂತ ಬಳಕೆಯಲ್ಲ. ಯುರೋಪಿಯನ್ ನ್ಯಾಯಾಲಯ 2006ರಲ್ಲೇ ಇಂಥದ್ದೊಂದನ್ನು ತೀರ್ಮಾನಿಸಿದೆ. ನೆದರ್ಲೆಂಡ್ಸ್‌ನ ಸುಮಾರು 70 ಜನರ ವೈನ್ ಗೆಳೆಯರ ಬಳಗ ಫ್ರಾನ್ಸಿನಲ್ಲಿ ಕೊಂಡು, ಸಾಗಣೆದಾರನ ಮೂಲಕ ತರಿಸಿ ಖರ್ಚು ಹಂಚಿಕೊಂಡಿತ್ತು. ಕೊಂಡವರು ತಾವೇ ಜೊತೆಯಲ್ಲಿ ತಂದರಷ್ಟೇ ವಿನಾಯಿತಿ ಎಂದಿತು ನ್ಯಾಯಾಲಯ. ಆ ನಾಲ್ಕು ಬಾಟಲಿಯ ಗೆಳೆಯನನ್ನೂ ಹಡಗು ಹತ್ತಿಸಿ.

ವಯಸ್ಸು: ಶೇ. 22ರವರೆಗಿನದನ್ನು ತರಲು 18 ತುಂಬಿರಬೇಕು, ಅದಕ್ಕಿಂತ ಗಟ್ಟಿಯದಕ್ಕೆ 20. ಎಸ್ಟೋನಿಯಾದಲ್ಲಿ 18ಕ್ಕೇ ವೋಡ್ಕಾ ಮಾರುತ್ತಾರೆ. 19ರ ವಿದ್ಯಾರ್ಥಿ ಅಲ್ಲಿ ಕಾನೂನುಬದ್ಧವಾಗಿ ಕೊಂಡು ಇಲ್ಲಿ ಬಂದರಿನಲ್ಲಿ ಕಳೆದುಕೊಳ್ಳುತ್ತಾನೆ. ಬಿಲ್ ಎಸೆಯಬೇಡಿ. ಹಡಗಿನ ಡೆಕ್ಕಿನ ಮೇಲೆ ಸ್ವಂತ ಬಾಟಲಿ ತೆರೆಯುವುದೂ ನಿಷಿದ್ಧ.

ಕಾರಿನಲ್ಲಿ

ನಡುವಿನವು ಬಿಟ್ಟು ಒಬ್ಬರ ಪೂರ್ತಿ ಪ್ರಮಾಣ, ಅಂದರೆ 10 ಲೀಟರ್ ಗಟ್ಟಿ, 110 ಲೀಟರ್ ಬಿಯರ್, 120 ಬಾಟಲಿ ವೈನ್, ಸುಮಾರು 285 ಕಿಲೋ ತೂಗುತ್ತದೆ. ಇಬ್ಬರದಾದರೆ 570, ಜೊತೆಗೆ ಆ ಇಬ್ಬರ ತೂಕ. ಸಾಮಾನ್ಯ ಹ್ಯಾಚ್‌ಬ್ಯಾಕ್ ಕಾರು ಜನ, ಸಾಮಾನು ಸೇರಿ 450ರಿಂದ 500 ಕಿಲೋ ಹೊರುವಂಥದ್ದು. ನೋಂದಣಿ ಪತ್ರದಲ್ಲಿ ಗರಿಷ್ಠ ತೂಕ ನೋಡಿ. ಹಿಂಬದಿ ಕುಸಿದು ಮೂತಿ ಎತ್ತಿಕೊಂಡ ಕಾರು ಕಸ್ಟಮ್ಸ್‌ನವರನ್ನು ತಾನೇ ಕೈಬೀಸಿ ಕರೆಯುತ್ತದೆ. ಭಾರದ ಕೇಸುಗಳು ಕೆಳಗೆ, ಹಿಂದಿನ ಸೀಟಿನ ಬೆನ್ನಿಗೆ ಒತ್ತಿಕೊಂಡಿರಲಿ. ಬಿಡಿ ಬಾಟಲಿ ಸೀಟಿನ ಮೇಲೆ ಬೇಡ.

ಚಳಿಗಾಲದಲ್ಲಿ ಕಾರಿನಲ್ಲೇ ರಾತ್ರಿ ಬಿಟ್ಟರೆ ಬಿಯರ್ ಸೊನ್ನೆಗಿಂತ ಎರಡು-ಮೂರು ಡಿಗ್ರಿ ಕೆಳಗೆ ಹೆಪ್ಪುಗಟ್ಟಲು ಶುರು, ವೈನ್ ಐದಾರು ಡಿಗ್ರಿ ಕೆಳಗೆ. ಕ್ಯಾನು ಮೊದಲು ಎರಡೂ ತುದಿ ಉಬ್ಬಿ ಚೆಂಡಿನಂತಾಗುತ್ತದೆ, ಆಮೇಲೆ ಸೀಳುತ್ತದೆ. ವೋಡ್ಕಾಗೆ ಏನೂ ಆಗುವುದಿಲ್ಲ. ರಕ್ತದ ಆಲ್ಕೋಹಾಲ್ ಮಿತಿ ಎಸ್ಟೋನಿಯಾದಲ್ಲಿ ಸಾವಿರಕ್ಕೆ 0.2, ಫಿನ್ಲೆಂಡಿನಲ್ಲಿ 0.5. ಹಿಂದಿನ ರಾತ್ರಿ ಟಾಲಿನ್‌ನಲ್ಲಿ ಏರಿಸಿದ್ದು ಬೆಳಿಗ್ಗೆ ಇಳಿದಿರುವುದಿಲ್ಲ, ಹಡಗಿನಿಂದ ಇಳಿಯುವ ಕಾರುಗಳನ್ನು ಪೊಲೀಸರು ಊದಿಸಿ ನೋಡುವುದು ಅಪರೂಪವೂ ಅಲ್ಲ.

ಬೆಂಗಳೂರಿನ ಕಡೆಗೆ, ಬೆಂಗಳೂರಿನಿಂದ

ಊರಿಗೆ ಒಯ್ಯಲು ಟಾಲಿನ್‌ನ ಒಳ್ಳೆಯ ಸಾಮಾನು ವಾನಾ ಟಾಲಿನ್: ರಮ್ಮಿನ ಬುಡ, ಕಿತ್ತಳೆ ಸಿಪ್ಪೆ, ದಾಲ್ಚಿನ್ನಿ, ವೆನಿಲ್ಲಾ ಇರುವ ಕಂದು ಲಿಕರ್. ಭಾರತಕ್ಕೆ ಒಬ್ಬ ಪ್ರಯಾಣಿಕ ಸುಂಕವಿಲ್ಲದೆ ತರಬಹುದಾದ್ದು ಒಟ್ಟು 2 ಲೀಟರ್: 700ರ ಎರಡು, 500ರ ಒಂದು, ಸೇರಿ 1.9. ಮೂರು 700 ಆದರೆ 2.1, ರೆಡ್ ಚಾನೆಲ್ಲಿಗೆ ಹೋಗಿ ಘೋಷಿಸಬೇಕು. ವಿಮಾನದ ಚೆಕ್‌-ಇನ್ ಸಾಮಾನಿನಲ್ಲಿ ಶೇ. 24ರಿಂದ 70ರವರೆಗಿನದು ಸೀಲ್ ಒಡೆಯದ ಬಾಟಲಿಯಲ್ಲಿ ಒಬ್ಬರಿಗೆ 5 ಲೀಟರ್ ಮೀರುವಂತಿಲ್ಲ. ಶೇ. 70 ದಾಟಿದ್ದು ವಿಮಾನಕ್ಕೆ ಹತ್ತುವುದೇ ಇಲ್ಲ. ಶೇ. 80ರ ರಮ್ ಹಡಗಿಗೆ ಸರಿ, ಬೆಂಗಳೂರಿಗೆ ಅಲ್ಲ. ಬಾಟಲಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಪಂಚೆಯಲ್ಲಿ ಎರಡು ಸುತ್ತು ಸುತ್ತಿ, ಸೂಟ್‌ಕೇಸಿನ ನಡುಮಧ್ಯಕ್ಕೆ ಇಡಿ. ಅಂಚಿಗೆ ತಾಗಿದರೆ ಒಡೆಯುತ್ತದೆ.

ಬೆಂಗಳೂರಿನಿಂದ ಹೆಲ್ಸಿಂಕಿಗೆ ಬರುವಾಗ ಲೆಕ್ಕ ಬೇರೆ. ಒಕ್ಕೂಟದ ಹೊರಗಿನಿಂದ ಬಂದವರಿಗೆ ಶೇ. 22ಕ್ಕಿಂತ ಗಟ್ಟಿಯದು 1 ಲೀಟರ್ ಮಾತ್ರ, ಅದರ ಜೊತೆ 4 ಲೀಟರ್ ವೈನ್, 16 ಲೀಟರ್ ಬಿಯರ್. ನಮ್ಮೂರಿನ ಬಾಟಲಿ 750 ಮಿ.ಲೀ. ಆದ್ದರಿಂದ ಅಮೃತ್ ಎರಡು ತಂದರೆ ಒಂದೂವರೆ ಲೀಟರ್ ಆಗಿ ಎರಡನೆಯ ಬಾಟಲಿ ಸಿಕ್ಕಿಬೀಳುತ್ತದೆ. ಜೊತೆಗೆ ಬರುವವರ ಸೂಟ್‌ಕೇಸಿಗೆ ಒಂದನ್ನು ಮೊದಲೇ ಹಂಚಿ.

ಖಾಲಿ ಕ್ಯಾನಿನ ಮಾತು ಬಾಕಿ ಇದೆ. ಆಗಾಗ ಟಾಲಿನ್ನಿಗೆ ಹೋಗುವವರು ಎಸ್ಟೋನಿಯಾದ ಡಿಪಾಸಿಟ್ ಗುರುತಿರುವ ಕ್ಯಾನುಗಳನ್ನು ಒಂದು ದೊಡ್ಡ ಚೀಲದಲ್ಲಿ ಬೇರೆಯಾಗಿ ಕೂಡಿಡಬೇಕು. ತುಳಿದು ಚಪ್ಪಟೆ ಮಾಡಬೇಡಿ, ಬಾರ್‌ಕೋಡ್ ಓದದಿದ್ದರೆ ಯಂತ್ರ ಉಗುಳುತ್ತದೆ. ನೂರು ಕ್ಯಾನಿನ ಚೀಲ ಒಂದೂವರೆ ಕಿಲೋನೂ ಇಲ್ಲ. ಹೋಗುವಾಗ ತಳ್ಳುಗಾಡಿ ಹೇಗೂ ಖಾಲಿ, ಸೂಪರ್‌ಮಾರ್ಕೆಟ್ಟಿನ ಬಾಗಿಲಲ್ಲೇ ಇರುವ ಯಂತ್ರಕ್ಕೆ ಹಾಕಿದರೆ 10 ಯೂರೋ ಚೀಟಿ ಬರುತ್ತದೆ.